ಕುಲಕಸುಬಿನ ಹೊಗಳುಭಟರಿಗೆ ಒಂದು ರಾಟೆಯ ಕಥೆ

ಮೊನ್ನೆ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು, ಕುಲಕಸುಬು ಅಂದ್ರೆ ರಕ್ತದಲ್ಲೇ ಹರಿದು ಬಂದ ಕೌಶಲ, ಅದನ್ನ ಉಳಿಸ್ಕೋಬೇಕು ಅಂದ್ರು. ಚಪ್ಪಾಳೆಯೂ ಬಿತ್ತು. ನನಗೆ ಮೈಕ್ ಸಿಗಲಿಲ್ಲ, ಉತ್ತರ ಇಲ್ಲಿ ಬರೀತಿದೀನಿ.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾನೆಲೆ. ಹಾಯಿಹಡಗಿನ ಹಗ್ಗ ಎಳೆಯೋಕೆ ಮರದ ರಾಟೆ ಬೇಕು. (ಗಾಂಧಿ ರಾಟೆ ಅಲ್ಲ, ಬಾವಿ ರಾಟೆ. ನಮ್ಮಜ್ಜಿ ಮುಟ್ಟಂಗಿರಲಿಲ್ಲವಲ್ಲ, ಅದೇ.) ದೊಡ್ಡ ಯುದ್ಧನೌಕೆ ಒಂದಕ್ಕೇ ಸುಮಾರು 1000 ರಾಟೆ, ಇಡೀ ನೌಕಾಪಡೆಗೆ ವರ್ಷಕ್ಕೆ ಲಕ್ಷ. ಬಹುಪಾಲು ನುರಿತ ಕಸುಬುದಾರರ ಕೈಕೆಲಸ. ಫ್ರಾನ್ಸ್ ಬಿಟ್ಟು ಬಂದಿದ್ದ ಮಾರ್ಕ್ ಬ್ರೂನೆಲ್ ಇದಕ್ಕೆ ಯಂತ್ರಗಳನ್ನು ರೂಪಿಸಿದ, ಹೆನ್ರಿ ಮಾಡ್‌ಸ್ಲೆ ಲೋಹದಲ್ಲಿ ಕಟ್ಟಿಕೊಟ್ಟ. ಒಟ್ಟು 45. ತೂತು ಕೊರೆಯೋಕೆ ಒಂದು, ಗಾಲಿ ಕೂರೋ ಸೀಳು ತೆಗೆಯೋಕೆ ಇನ್ನೊಂದು, ಹೊರಮೈ ದುಂಡು ಮಾಡೋಕೆ ಮತ್ತೊಂದು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ! 110 ನುರಿತವರ ಕೆಲಸವನ್ನ ಆ ಕಸುಬೇ ಗೊತ್ತಿಲ್ಲದ 10 ಜನ ಮಾಡಿದರು. ರಕ್ತದ ಕೌಶಲ ಎಲ್ಲೋಯ್ತು ಸ್ವಾಮಿ?

ಆ ಮಾಡ್‌ಸ್ಲೆ ಯಾರು ಗೊತ್ತಾ? 12ನೇ ವಯಸ್ಸಿಗೆ ವುಲಿಚ್ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುತ್ತಿದ್ದ ಹುಡುಗ. ಆಮೇಲೆ ಬಡಗಿ ಶೆಡ್ಡು, ಅಲ್ಲಿಂದ ಕುಲುಮೆ. ನಮ್ಮೂರಲ್ಲಿ ಹೊಲಗೇರಿ ಹುಡುಗ ಹಂಗೆ ಕುಲುಮೆಗೆ ಹೋಗಿ ತಿದಿ ಒತ್ತೋಕೆ ಬಿಡ್ತಿದ್ರಾ?

ಅದೇನು ಸ್ವರ್ಗ ಅಂತ ನಾನು ಹೇಳ್ತಿಲ್ಲ. ಆ ಹಡಗುಗಳು ಸಾಮ್ರಾಜ್ಯ ಕಾಯೋಕೆ ಹೊರಟಿದ್ದು. ಯಂತ್ರ ನೂರು ಜನರ ಕಸುಬಿನ ಬೆಲೆ ಕಳೀತು, ಅದೂ ನಿಜ. ಆದರೆ ಅಲ್ಲಿ ಒಡೆದು ಹಂಚಿದ್ದು ಕೆಲಸವನ್ನ. ಜಾತಿ ಒಡೆಯೋದು ಕೆಲಸಗಾರರನ್ನ ಅಂತ ಬಾಬಾಸಾಹೇಬರು 1936ರಲ್ಲೇ ವಾದಿಸಿದ್ದರು. ಯಂತ್ರವನ್ನ ಅವರು ದೂರಲಿಲ್ಲ. ಮನುಷ್ಯನಿಗೆ ಬಿಡುವು ಸಿಗೋದೇ ಅದರಿಂದ ಅಂದ್ರು.

ಅಲ್ಲಿ ರಾಟೆಗೆ ಎಷ್ಟು ಖರ್ಚು ಅಂತ ಸರ್ಕಾರ ಲೆಕ್ಕ ಹಾಕಿತು, ಅದಕ್ಕೇ ಯಂತ್ರ ಬಂತು. ಇಲ್ಲಿ ನಮ್ಮ ಮೈ ಯಾರ ಲೆಕ್ಕಕ್ಕೂ ಇಲ್ಲ. 2013ರಲ್ಲಿ ಕಾಯ್ದೆ ಬಂದ ಮೇಲೂ ಸೊಂಟಕ್ಕೆ ಹಗ್ಗ ಕಟ್ಟಿ ನಮ್ಮ ಹುಡುಗರನ್ನ ಮ್ಯಾನ್‌ಹೋಲಿಗೆ ಇಳಿಸ್ತಿದಾರೆ. ಎಷ್ಟೋ ಸಲ ಆ ಹಗ್ಗವೂ ಇರಲ್ಲ. ಮರದ ತುಂಡಿಗೆ ಇನ್ನೂರು ವರ್ಷದ ಹಿಂದೆ 45 ಯಂತ್ರ, ಈ ಗುಂಡಿಗೆ ಇವತ್ತಿಗೂ ಮನುಷ್ಯ.

ಆ ಭಾಷಣಕಾರರು ಮತ್ತೆ ಸಿಕ್ಕರೆ ಕೇಳೋದು ಇಷ್ಟೇ: ಇದು ಯಾರ ರಕ್ತದ ಕೌಶಲ ಸಾರ್? ಇದನ್ನೂ ಉಳಿಸ್ಬೇಕಾ?

ಜೈ ಭೀಮ್.