ಕಾಲೇಜು ಅರ್ಜಿಯ ಜೊತೆ ಹಾಡಿನ ರೆಕಾರ್ಡಿಂಗ್: ನಮ್ಮ ಮಕ್ಕಳಿಗೆ ಎಷ್ಟು ಲಾಭ?

ಮಹಬೂಲಾ, ಕುವೈತ್: ಹನ್ನೆರಡನೇ ತರಗತಿ ಮುಗಿದೊಡನೆ ಇಲ್ಲಿನ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕುವೈತ್ ಬಿಟ್ಟು ಹೊರಡುತ್ತಾರೆ. ಕೆಲವರು ಬೆಂಗಳೂರು, ಸುರತ್ಕಲ್ ಕಡೆಗೆ, ಕೆಲವರು ಅಮೆರಿಕಕ್ಕೆ. ಏಳೆಂಟು ವರ್ಷ ಸಂಗೀತ ಕಲಿತ ಮಕ್ಕಳ ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: ಈ ಹಾಡುಗಾರಿಕೆ ಸೀಟಿಗೆ ನೆರವಾದೀತೆ?

ಮೊದಲು ಊರಿನ ವಿಷಯ. ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಡಾಸಾ ಯೋಜನೆಯಲ್ಲಿ ರಿಯಾಯಿತಿ ಶುಲ್ಕದ ಸೀಟುಗಳಿವೆ. ಸುರತ್ಕಲ್‌ನ ಎನ್‌ಐಟಿಕೆಯೂ ಅದರಲ್ಲಿದೆ. ಆದರೆ ಅಲ್ಲಿ ನೋಡುವುದು ಜೆಇಇ ಮೈನ್ ರ‍್ಯಾಂಕನ್ನು, ರಾಗವನ್ನಲ್ಲ. ಐಐಟಿ ಮದ್ರಾಸ್ 2025-26ರಿಂದ ಕಲಾ ಪ್ರತಿಭೆಗೆಂದು ಪದವಿ ಕೋರ್ಸುಗಳಲ್ಲಿ ತಲಾ 2 ಹೆಚ್ಚುವರಿ ಸೀಟು ಇಟ್ಟಿತು, ಒಂದು ಹುಡುಗಿಯರಿಗೆ. ಅದಕ್ಕೂ ಜೆಇಇ ಅಡ್ವಾನ್ಸ್ಡ್ ದಾಟಲೇಬೇಕು. ಜೊತೆಗೆ ರೆಕಾರ್ಡಿಂಗ್ ಸಾಲದು, ಆಕಾಶವಾಣಿಯ ಗ್ರೇಡ್‌ನಂಥ ಮಾನ್ಯತೆ ಬೇಕು. ಇಲ್ಲೇ ಬೆಳೆದ ಮಕ್ಕಳಿಗೆ ಅದು ಸುಲಭವಲ್ಲ.

ಅಮೆರಿಕದ ದಾರಿ ಬೇರೆ. ಜೂಲಿಯರ್ಡ್‌ನಂಥ ಸಂಗೀತ ಶಾಲೆಗಳಲ್ಲಿ ರೆಕಾರ್ಡಿಂಗ್ ಮೊದಲ ಸುತ್ತಿನ ಪರೀಕ್ಷೆಯೇ ಆಗಿದೆ. ಎಂಐಟಿಯಂಥ ಕಡೆ ಎಂಜಿನಿಯರಿಂಗ್ ಓದಬಯಸುವವರೂ ಸಂಗೀತದ ಪೋರ್ಟ್‌ಫೋಲಿಯೊ ಕಳಿಸಬಹುದು, ಕಡ್ಡಾಯವಲ್ಲ. ಅದನ್ನು ಸಂಗೀತ ಬಲ್ಲವರು ಕೇಳುತ್ತಾರೆ, ಅವರ ಅಭಿಪ್ರಾಯ ಪ್ರವೇಶ ಸಮಿತಿಗೆ ಹೋಗುತ್ತದೆ. ಓದಿನಲ್ಲಿ ಸಮನಾಗಿ ನಿಂತವರ ನಡುವೆ ಅದು ತೂಕ ತರಬಹುದು. ಕಡಿಮೆ ಅಂಕವನ್ನು ಮುಚ್ಚಲಾರದು. ಸಾಧಾರಣ ಹಾಡುಗಾರಿಕೆಯನ್ನು ಕಳಿಸದಿರುವುದೇ ಮೇಲು.

ಕಳಿಸುವುದಾದರೆ ನಮ್ಮ ತೊಡಕುಗಳು ನಮ್ಮವೇ. ಹಲವು ಕಾಲೇಜುಗಳ ಮೊದಲ ಗಡುವು ನವೆಂಬರ್ 1. ಅಂದರೆ ಧ್ವನಿಮುದ್ರಣ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಮಹಬೂಲಾದ ಫ್ಲ್ಯಾಟಿನಲ್ಲಿ ಎಸಿ ಆರಿಸಿದರೆ ಕೂರಲಾಗದ ಕಾಲದಲ್ಲಿ. ಎಸಿ ಹಾಕಿದರೆ ಅದರ ಸದ್ದೂ ಸೇರುತ್ತದೆ. ಕೋಣೆಯನ್ನು ಮೊದಲೇ ತಂಪಾಗಿಸಿ, ಹತ್ತು ನಿಮಿಷ ಎಸಿ ನಿಲ್ಲಿಸಿ ಹಾಡುವುದು ಒಂದು ಉಪಾಯ. ಬಟ್ಟೆ ತುಂಬಿದ ವಾರ್ಡ್‌ರೋಬ್, ದಪ್ಪ ಪರದೆ ಇರುವ ಕೋಣೆ ಒಳ್ಳೆಯದು. ಬರಿ ಟೈಲ್ಸ್ ಇರುವ ಹಾಲ್ ಪ್ರತಿಧ್ವನಿಸುತ್ತದೆ.

ತಂತ್ರಾಂಶದ ಬಗ್ಗೆ ಎರಡು ಮಾತು. ಮೊಬೈಲಿನ ಸದ್ದು ನಿವಾರಕ ಮಾತಿಗೆಂದು ಮಾಡಿದ್ದು. ಎಡೆಬಿಡದೆ ಕೇಳುವ ತಂಬೂರಿಯ ಶ್ರುತಿಯನ್ನೂ ಅದು ಗದ್ದಲವೆಂದು ಬಗೆದು ಅಳಿಸಬಹುದು. ಆ ಸೌಲಭ್ಯ ಆಫ್ ಮಾಡಿ. ಸ್ವರ ತಿದ್ದುವ ಆಟೋಟ್ಯೂನ್ ಅಂತೂ ಬೇಡವೇ ಬೇಡ: ಅದು ದನಿಯನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ, ತೋಡಿಯ ಗಾಂಧಾರದ ಗಮಕವೇ ಹೊರಟುಹೋಗುತ್ತದೆ. ಕಡತವನ್ನು ವಾಟ್ಸಾಪ್‌ನಲ್ಲಿ ದಾಟಿಸದೆ ಮೂಲ ಪ್ರತಿಯನ್ನೇ ಅಪ್‌ಲೋಡ್ ಮಾಡಿ.

ಕೇಳುವವರಿಗೆ ಕರ್ನಾಟಕ ಸಂಗೀತದ ಪರಿಚಯ ಇಲ್ಲದಿರಬಹುದು. ರಾಗ, ತಾಳ, ವಾಗ್ಗೇಯಕಾರರ ಹೆಸರು, ಎಲ್ಲಿಂದ ಮನೋಧರ್ಮ ಶುರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಸಮಯ ಕಡಿಮೆ, ಉದ್ದದ ಕೃತಿಗಿಂತ ಚಿಕ್ಕ ಆಲಾಪನೆ, ಒಂದು ಪಲ್ಲವಿ, ನಾಲ್ಕು ಆವರ್ತ ಕಲ್ಪನಾಸ್ವರ ಹೆಚ್ಚು ಹೇಳುತ್ತವೆ.

ನಮ್ಮ ಆತಂಕ ಬೇರೊಂದಿದೆ. ಸೀಟಿಗೆ ಉಪಯೋಗವಿಲ್ಲವೆಂದು ಒಂಬತ್ತನೇ ತರಗತಿಗೇ ಸಂಗೀತ ಪಾಠ ಬಿಡಿಸುವ ಮನೆಗಳಿವೆ. ಸೀಟಿಗೆಂದೇ ಹನ್ನೊಂದರಲ್ಲಿ ಸೇರಿಸುವ ಮನೆಗಳೂ ಇವೆ. ಎರಡೂ ಲೆಕ್ಕ ತಪ್ಪು. ಒಂದು ವರ್ಷದ ಕಲಿಕೆ ಹತ್ತು ನಿಮಿಷದಲ್ಲೇ ಬಯಲಾಗುತ್ತದೆ. ಬಹಳ ವರ್ಷಗಳ ಸಾಧನೆ ಮಾತ್ರ ಕಾಲೇಜಿಗೂ ಕೇಳಿಸುತ್ತದೆ, ಸೀಟು ಸಿಗದಿದ್ದರೂ ಮಗುವಿನ ಬಳಿ ಉಳಿಯುತ್ತದೆ.