ಹಾರ್ಮೋನು ಬಾಟಲಿಯೂ ಐವತ್ತೆರಡು ಚೀಲ ಉಪ್ಪೂ

ಪುಣೆ-ಮುಂಬೈಯಲ್ಲಿ ಕೂತು ಊರಿನ ಹೊಲಕ್ಕೆ ಸಲಹೆ ಕೊಡುವ ನಮ್ಮಂಥವರಿಗೆ ಈಗೊಂದು ಹೊಸ ಹುಚ್ಚು ಹತ್ತಿದೆ. ವಾಟ್ಸಾಪಿನಲ್ಲಿ ಬಂದ ವಿಡಿಯೋವನ್ನು ಊರಲ್ಲಿರುವ ಅಣ್ಣನಿಗೋ ತಮ್ಮನಿಗೋ ದಾಟಿಸುವುದು. “ಬೋರಿನ ನೀರು ಉಪ್ಪಾಗಿದೆಯಾ? ಚಿಂತೆ ಬೇಡ, ಈ ಹಾರ್ಮೋನು ಹೊಡಿ, ಬೆಳೆ ಎದ್ದು ನಿಲ್ಲುತ್ತೆ!” ಜೊತೆಗೆ ಎರಡು ಸಾವಿರ ರೂಪಾಯಿ. ಕರ್ತವ್ಯ ಮುಗಿಯಿತು.

ಮುಗಿಯಿತೇ ಸ್ವಾಮಿ?

ನಾನು ಬಿ.ಕಾಂ. ಓದಿದವನು, ಸಸ್ಯಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಬ್ಯಾಂಕಿನವನಿಗೆ ಜಮಾ-ಖರ್ಚಿನ ಲೆಕ್ಕ ಬರುತ್ತೆ. ಅದನ್ನೇ ಮಾಡೋಣ.

ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಹೇಳುವ ಅಂಕಿ ಇ.ಸಿ. ಪರೀಕ್ಷೆಯ ಚೀಟಿಯಲ್ಲಿ ಅದು 2 ಎಂದಿದ್ದರೆ ಲೀಟರಿಗೆ ಸುಮಾರು 1.28 ಗ್ರಾಂ ಲವಣ ಎಂದರ್ಥ. ಒಂದು ಬೆಳೆಗೆ ಒಟ್ಟು ಅರ್ಧ ಮೀಟರ್ ನೀರು ಹಾಯಿಸಿದರೆ ಎಕರೆಗೆ ಇಪ್ಪತ್ತು ಲಕ್ಷ ಲೀಟರ್. ಅಂದರೆ ಹೆಚ್ಚುಕಡಿಮೆ 2,600 ಕಿಲೋ ಲವಣ. ಐವತ್ತು ಕಿಲೋದ ಐವತ್ತೆರಡು ಚೀಲ! ಇದು ಒಂದು ಎಕರೆಗೆ, ಒಂದು ಬೆಳೆಗೆ. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಹೋಗಲ್ಲ. ಮಳೆ ತೊಳೆದು ಕೆಳಗಿಳಿಸದಿದ್ದರೆ ಅದು ಅಲ್ಲೇ ಜಮಾ. ಚಕ್ರಬಡ್ಡಿಯ ಹಾಗೆ ಬೆಳೆಯಿಂದ ಬೆಳೆಗೆ ಏರುತ್ತೆ.

ಬಾಟಲಿಯ ಕಡೆ ಲೆಕ್ಕ ನೋಡಿ. ಸ್ಯಾಲಿಸಿಲಿಕ್ ಆಮ್ಲವನ್ನು ಪ್ರಯೋಗಗಳಲ್ಲಿ ಸಿಂಪಡಿಸುವ ಒಂದು ಸಾಮಾನ್ಯ ಪ್ರಮಾಣ ಲೀಟರಿಗೆ 70 ಮಿಲಿಗ್ರಾಂ. ಎಕರೆಗೆ ಇನ್ನೂರು ಲೀಟರ್ ಹೊಡೆದರೆ 14 ಗ್ರಾಂ.

ಕಡಿಮೆಯಾಯಿತು ಎಂದು ನಾನು ದೂರುತ್ತಿಲ್ಲ. ಹಾರ್ಮೋನು ಎಂದರೆ ಗಿಡಕ್ಕೆ ಹೋಗುವ ತಂತಿ ಸಂದೇಶ, ಚೂರೇ ಸಾಕು. ಉಪ್ಪು ಗಿಡವನ್ನು ಎರಡು ರೀತಿ ಹೊಡೆಯುತ್ತೆ. ಮೊದಲು, ಮಣ್ಣಲ್ಲಿ ನೀರಿದ್ದರೂ ಬೇರು ಎಳೆದುಕೊಳ್ಳಲಾರದು. ಆಮೇಲೆ ಸೋಡಿಯಂ ಎಲೆಯಲ್ಲಿ ಸೇರಿ ಹಳೆ ಎಲೆಗಳನ್ನು ಸುಡುತ್ತೆ. ಅಬ್ಸಿಸಿಕ್ ಆಮ್ಲ ಗಿಡದೊಳಗೇ ಹುಟ್ಟಿ ಎಲೆಯ ರಂಧ್ರ ಮುಚ್ಚಿಸಿ ನೀರು ಉಳಿಸುತ್ತೆ. ಜಿಬ್ಬರೆಲಿನ್ನಿನಲ್ಲಿ ಬೀಜ ನೆನೆಸಿದರೆ ಉಪ್ಪಿನಲ್ಲೂ ಮೊಳಕೆ ಚುರುಕಾಗಬಹುದು. ಸ್ಯಾಲಿಸಿಲಿಕ್ ಆಮ್ಲವೂ ಬ್ರಾಸಿನೊಲೈಡೂ ಎಲೆಯ ಹಾನಿ ತಗ್ಗಿಸಿದ ಪ್ರಯೋಗಗಳು ಬೇಕಾದಷ್ಟಿವೆ. ವಿಜ್ಞಾನ ಸುಳ್ಳಲ್ಲ.

ಸುಳ್ಳಿರುವುದು ಮಾರಾಟದಲ್ಲಿ. ಈ ಪ್ರಯೋಗಗಳಲ್ಲಿ ಬಹಳಷ್ಟು ಕುಂಡಗಳಲ್ಲಿ, ಕೆಲವೇ ವಾರಗಳ ಸಸಿಗಳ ಮೇಲೆ ನಡೆದವು. ಕುಂಡದ ತಳದಲ್ಲಿ ತೂತಿರುತ್ತೆ. ನಮ್ಮೂರ ಗದ್ದೆಗೆ ತೂತೆಲ್ಲಿದೆ? ಸಂದೇಶ ಕೇಳಿದ ಗಿಡ ಇನ್ನಷ್ಟು ದಿನ ತಾಳೀತು. ಆದರೆ ಆ ಐವತ್ತೆರಡು ಚೀಲದಲ್ಲಿ ಒಂದು ಗ್ರಾಮೂ ಹೊಲದಾಚೆ ಹೋಗಲಿಲ್ಲ. ಮಣ್ಣಿನ ಇ.ಸಿ. 3 ದಾಟಿದ ಮೇಲೆ ಒಂದೊಂದು ಅಂಕ ಏರಿದಾಗಲೂ ಭತ್ತದ ಇಳುವರಿ ನೂರಕ್ಕೆ 12ರಷ್ಟು ಇಳಿಯುತ್ತೆ ಎಂದು 1977ರಲ್ಲೇ ಮಾಸ್ ಮತ್ತು ಹಾಫ್‌ಮನ್ ಲೆಕ್ಕ ಕಟ್ಟಿಕೊಟ್ಟಿದ್ದಾರೆ. ಅಂಕ ಏರುತ್ತಲೇ ಇದ್ದರೆ ಯಾವ ಬಾಟಲಿ ತಡೆದೀತು?

ಬಾಟಲಿಯೊಳಗೆ ಏನಿದೆ ಎಂಬುದೇ ಇನ್ನೊಂದು ಪ್ರಶ್ನೆ. ಜಿಬ್ಬರೆಲಿಕ್ ಆಮ್ಲಕ್ಕೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಬಯೋಸ್ಟಿಮ್ಯುಲೆಂಟ್ ಎಂಬ ಹೆಸರಿನವು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದದ್ದೇ 2021ರಲ್ಲಿ. ಸುಮಾರು 30 ಸಾವಿರ ಇಂಥ ಉತ್ಪನ್ನಗಳು ಲಗಾಮಿಲ್ಲದೆ ಮಾರಾಟವಾಗುತ್ತಿದ್ದವು ಎಂದು 2025ರ ಜುಲೈಯಲ್ಲಿ ಕೇಂದ್ರ ಕೃಷಿ ಸಚಿವರೇ ಹೇಳಿದರು. ನಮ್ಮ ಎರಡು ಸಾವಿರ ರೂಪಾಯಿ ಎಲ್ಲಿಗೆ ಹೋಗಿರಬಹುದು, ಯೋಚಿಸಿ.

ಹಾಗಾದರೆ ದಾರಿ? ಹೊಸದೇನಲ್ಲ. ತುಂಗಭದ್ರಾ ಕಾಲುವೆಗಳನ್ನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ನೆನೆದು ಹಂಚಿದ್ದರು. ಎಲ್ಲರೂ ಭತ್ತ ಹಾಕಿದರು, ಬಸಿಗಾಲುವೆ ಯಾರಿಗೂ ಬೇಡವಾಯಿತು. ಅಂತರ್ಜಲ ಮೇಲೆದ್ದು ಗಂಗಾವತಿ, ಸಿಂಧನೂರಿನ ಕಡೆ ಭೂಮಿ ಸವಳು-ಜವಳಾಯಿತು. ಇತ್ತ ಸಾಂಗಲಿಯ ಕಬ್ಬಿನ ಗದ್ದೆಗಳದೂ ಇದೇ ಕಥೆ. ನೆಲದಡಿ ತೂತಿನ ಪೈಪು ಹೂತು ಉಪ್ಪುನೀರನ್ನು ಬಸಿಯುವ ವಿಧಾನವನ್ನು ಕರ್ನಾಲಿನ ಕೇಂದ್ರೀಯ ಲವಣ ಮಣ್ಣು ಸಂಸ್ಥೆ ಹರಿಯಾಣದ ಹೊಲಗಳಲ್ಲೇ ಮಾಡಿ ತೋರಿಸಿದೆ. ನಮ್ಮ ಗಂಗಾವತಿಯ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿರುವುದೂ ಇದೇ ವಿಷಯದ ಮೇಲೆ. ಉಪ್ಪು ತಾಳುವ ತಳಿಗಳೂ ಇವೆ.

ತೊಂದರೆ ಏನೆಂದರೆ ಬಾಟಲಿ ಒಬ್ಬನೇ ಕೊಳ್ಳಬಹುದು, ಬಸಿಗಾಲುವೆ ಒಬ್ಬನೇ ತೋಡಲಾಗದು. ನೀರು ಪಕ್ಕದವನ ಹೊಲ ದಾಟಿ ಹಳ್ಳ ಸೇರಬೇಕು, ಆ ಪಕ್ಕದವನ ಜೊತೆ ಬದುವಿನ ಜಗಳ! ನಮ್ಮ ಬ್ಯಾಂಕಿನ ಧಂದೆಯೂ ಇದಕ್ಕೆ ಸರಿಯಾಗಿದೆ. ಬೆಳೆಸಾಲದಲ್ಲಿ ಎಣ್ಣೆ ಹೊಡೆಯುವ ಖರ್ಚಿಗೆ ಸಲೀಸಾಗಿ ಜಾಗವಿದೆ, ಬಡ್ಡಿ ಕಟ್ಟಿ ರಿನ್ಯೂ ಮಾಡಿದರೆ ಖಾತೆ ಆರೋಗ್ಯವಾಗಿ ಕಾಣುತ್ತೆ. ಹೊಲ ಸಾಯುತ್ತಿರುವುದು ಯಾವ ಲೆಡ್ಜರಿನಲ್ಲೂ ಬರೆಯಲ್ಪಡುವುದಿಲ್ಲ.

ಆದ್ದರಿಂದ ಮುಂದಿನ ಸಲ ವಿಡಿಯೋ ಕಳಿಸುವ ಬದಲು ಅಣ್ಣನಿಗೆ ಒಂದು ಫೋನ್ ಮಾಡಿ. ಮಣ್ಣು, ನೀರು ಪರೀಕ್ಷೆ ಮಾಡಿಸಿದ್ದೀಯಾ, ಇ.ಸಿ. ಎಷ್ಟು ಬಂತು ಎಂದು ಕೇಳಿ. ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಹೊಲದವರ ಮನೆಗೂ ಹೋಗಿ ಚಹಾ ಕುಡಿದು ಬನ್ನಿ. ಪಾಲಾಗದ ಆ ಹೊಲದಲ್ಲಿ ನಮ್ಮ ಹೆಸರೂ ಇದೆಯಲ್ಲ? ಬಸಿಗಾಲುವೆಗೆ ಬೇಕಾದ ಮಾತನ್ನು ಆಡುವ ಹೊಣೆಯೂ ನಮ್ಮದೇ. ಏನಂತೀರಿ?