ಒಂದೇ ಹೊಳ್ಳೆ ಕಟ್ಟಿದಾಗ

ಮೂಗು ಕಟ್ಟಿದೆಯೆಂದು ಬಂದವರನ್ನು ನಾವು ಈಗ ಮೊದಲು ಕೇಳುವುದು ಇಷ್ಟೇ: ಕಟ್ಟುವುದು ಎರಡೂ ಹೊಳ್ಳೆಗಳೋ, ಒಂದೇ ಹೊಳ್ಳೆಯೋ? ಇದನ್ನು ನಮಗೆ ಕಲಿಸಿದವನು 14 ವರ್ಷದ ಒಬ್ಬ ಬಾಲಕ.

ಬಹಳ ವರ್ಷಗಳ ಹಿಂದಿನ ಮಾತು. ಅವನ ಎಡ ಹೊಳ್ಳೆ ಸದಾ ಕಟ್ಟಿರುತ್ತಿತ್ತು. ಆಗಾಗ ರಕ್ತ ಸುರಿಯುತ್ತಿತ್ತು. ಬೇಸಗೆಯ ಉಷ್ಣವೆಂದು ಮನೆಯವರೆಂದರು, ರಕ್ತಪಿತ್ತವೆಂದು ನಾವೆಂದೆವು. ಗರಿಕೆಯ ರಸ, ಅಣುತೈಲದ ನಸ್ಯ ಎಂದು ನಾಲ್ಕು ತಿಂಗಳು ಕಳೆದೆವು. ಕೆನ್ನೆ ಉಬ್ಬಿದ ಮೇಲೆ ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಕಳುಹಿಸಿದೆವು. ಅದು ಆಂಜಿಯೋಫೈಬ್ರೋಮ ಎಂಬ ಗಡ್ಡೆಯಾಗಿತ್ತು. ಹರೆಯದ ಗಂಡುಮಕ್ಕಳಲ್ಲಿಯೇ ಬಹುಮಟ್ಟಿಗೆ ಕಾಣುವ ಈ ಅಪರೂಪದ ಗಡ್ಡೆ ಕ್ಯಾನ್ಸರ್ ಅಲ್ಲ. ಆದರೆ ರಕ್ತನಾಳಗಳಿಂದಲೇ ತುಂಬಿರುವ ಅದು ಮೂಗಿನ ಹಿಂಭಾಗದಿಂದ ಕಣ್ಣುಗೂಡಿನತ್ತ, ಕಪಾಲದ ತಳದತ್ತ ಹಬ್ಬಬಲ್ಲದು. ದುರ್ಮಾಂಸವೆಂದು ಭಾವಿಸಿ ಚಿಕಿತ್ಸಾಲಯದಲ್ಲೇ ಚೂರು ಕೀಳಹೋದರೆ ಪ್ರಾಣಾಪಾಯದ ರಕ್ತಸ್ರಾವವಾದೀತು. ನಾವು ಅದಕ್ಕೆ ಕೈಹಾಕದೆ ಉಳಿದದ್ದು ಆ ಬಾಲಕನ ಪುಣ್ಯ. ಅಂದು ಮೂಗಿನ ಪಕ್ಕ ಮುಖವನ್ನು ಸೀಳಿಯೇ ಗಡ್ಡೆಯನ್ನು ತೆಗೆದರು; ಗುರುತು ಇಂದಿಗೂ ಇದೆ.

ಶಿರಸ್ಸಿಗೆ ಔಷಧವನ್ನು ಮುಟ್ಟಿಸಲು ಮೂಗೇ ದ್ವಾರವೆಂಬುದು ಆಯುರ್ವೇದದ ತಿಳಿವು. ಶಸ್ತ್ರವೈದ್ಯರೂ ಈಗ ಅದೇ ದ್ವಾರದಿಂದ ಒಳಹೋಗುತ್ತಿದ್ದಾರೆ. ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್, ನಮ್ಮ ಜನರ ಮಾತಿನಲ್ಲಿ ದುರ್ಬೀನು, ಹೊಳ್ಳೆಯೊಳಗಿನದೆಲ್ಲವನ್ನೂ ಪರದೆಯ ಮೇಲೆ ತೋರಿಸುತ್ತದೆ. ಆಂಜಿಯೋಫೈಬ್ರೋಮವಾದರೆ ಒಂದೆರಡು ದಿನ ಮುಂಚೆ ತೊಡೆಸಂದಿನ ಧಮನಿಯ ಮೂಲಕ ಸಣ್ಣ ನಳಿಕೆ ಸೇರಿಸಿ, ಗಡ್ಡೆಗೆ ಹರಿಯುವ ರಕ್ತವನ್ನು ತಡೆಯುವುದುಂಟು. ಕಪಾಲದ ತಳದಲ್ಲಿ ರಂಧ್ರವಾದರೆ ಮಿದುಳಿನ ದ್ರವ ಮೂಗಿಗೆ ಸೋರುವ ಭಯ ಹಿಂದೆ ದೊಡ್ಡದಿತ್ತು. ಮೂಗಿನ ನಡುಗೋಡೆಯ ಒಳಪೊರೆಯನ್ನೇ ಅದರ ರಕ್ತನಾಳ ಕಡಿಯದಂತೆ ತಿರುಗಿಸಿ ರಂಧ್ರಕ್ಕೆ ಹೊದಿಸುವ ವಿಧಾನವನ್ನು ಅರ್ಜೆಂಟೀನದ ಇಬ್ಬರು ವೈದ್ಯರು ರೂಪಿಸಿದರು. 2006ರಲ್ಲಿ ಅದು ಪ್ರಕಟವಾದ ಮೇಲೆ ಆ ಭಯ ಬಹಳಷ್ಟು ಕುಗ್ಗಿದೆ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟಿಕೊಡುವ ಕ್ರಮವನ್ನು ವಿವರಿಸಿದ ಸುಶ್ರುತನ ಶಾಸ್ತ್ರ ಓದಿದ ನಮಗೆ ಇದು ಪರಕೀಯವೆನಿಸಬಾರದು.

ಎಲ್ಲ ಗಡ್ಡೆಗಳಿಗೂ ದುರ್ಬೀನೊಂದೇ ಸಾಲದು. ಕಣ್ಣಿಗೆ, ಮಿದುಳಿಗೆ ಬಹಳ ಹಬ್ಬಿದ್ದರೆ ಹೊರಗಿನಿಂದಲೂ ತೆರೆಯಬೇಕಾದೀತು. ಕ್ಯಾನ್ಸರ್ ಆಗಿದ್ದರೆ ವಿಕಿರಣ ಚಿಕಿತ್ಸೆಯೂ ಬೇಕಾದೀತು. ಮರಳಿ ಬೆಳೆಯುವ ಸಂಭವವಿರುವುದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪದು.

ನಮ್ಮ ದೂರು ಇರುವುದು ನಮ್ಮವರ ಮೇಲೆಯೇ. ಸುಶ್ರುತನು ಎಣಿಸಿದ 31 ನಾಸಾರೋಗಗಳಲ್ಲಿ ಅರ್ಬುದಗಳೂ ಇವೆ; ನಾವು ಪೀನಸವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಹಳೆಯ ನೆಗಡಿಗೆ ನಸ್ಯದಿಂದ ಉಪಶಮನವಾದದ್ದನ್ನು ಕಂಡಿದ್ದೇವೆ, ಮುಂದೆಯೂ ಕೊಡುತ್ತೇವೆ. ಆದರೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದರೆ, ಅದರಿಂದಲೇ ಮತ್ತೆ ಮತ್ತೆ ರಕ್ತ ಬಂದರೆ, ಕಣ್ಣು ಮುಂದೆ ಚಾಚಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಮರಗಟ್ಟಿದ್ದರೆ ತೈಲದ ಬಾಟಲಿಯನ್ನು ಬದಿಗಿಟ್ಟು ರೋಗಿಯನ್ನು ತಜ್ಞರಲ್ಲಿಗೆ ಕಳುಹಿಸಬೇಕು. ಮೂಗಿನೊಳಗೆ ದುರ್ಬೀನು ಹಾಕಿ ನೋಡಲು ಬೇಕಾಗುವುದು ಕೆಲವೇ ನಿಮಿಷ. ಆ ಬಾಲಕನ ವಿಷಯದಲ್ಲಿ ನಾವು ತೆಗೆದುಕೊಂಡದ್ದು ನಾಲ್ಕು ತಿಂಗಳು.